ಹನ್ನೆರಡು ಪಾಯಿಂಟ್ ನಾಲ್ಕು

ಜನವರಿ 15, ಬುಧವಾರ
ಆಫೀಸು ಮುಗಿಸಿ ಸೀಫ್‌ನಿಂದ ನೇರ ಸಹೋದ್ಯೋಗಿ ಅಫ್ಸಲನ ಮನೆಗೆ. ಅವನ ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ, ನಾಳೆಯಿಂದ ಎರಡು ರಾತ್ರಿ ನಮಗೆ. ಹೀಟರ್ ಉರಿಯುವುದು ಗ್ಯಾಸಿನಲ್ಲಿ, ಬಿಸಿಗಾಳಿ ದೂಡುವ ಫ್ಯಾನ್ ಬ್ಯಾಟರಿಯಲ್ಲಿ. ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್ ಬೇಡ ಅಂದೆ. ಕೀಮೋ ಶುರುವಾದ ಮೇಲೆ ಆಶಾಗೆ ಪೆಟ್ರೋಲ್ ವಾಸನೆ ಆಗುವುದಿಲ್ಲ.
ಮರುಭೂಮಿಯಲ್ಲಿ ಮಲಗಬೇಕು ಅಂತ ಮದುವೆಯಾಗಿ ಬಹರೈನಿಗೆ ಬಂದ ವರ್ಷವೇ ಕೇಳಿದ್ದಳು. ಮುಂದಿನ ಚಳಿಗಾಲ ಅಂದಿದ್ದೆ. ಇಪ್ಪತ್ತಾರು ಚಳಿಗಾಲ. ಈಗ ಡಾಕ್ಟರು 'ಮುಂದಿನ' ಎಂಬ ಪದವನ್ನೇ ಬಳಸುತ್ತಿಲ್ಲ.

ಜನವರಿ 16, ಸಂಜೆ 5.40, ಸಖೀರ್ ಮರುಭೂಮಿ
ಗಾಳಿ. ದೂರದಲ್ಲಿ ಯಾರದೋ ಡೇರೆಗಳ ಬಲ್ಬಿನ ಸಾಲು. ಆಶಾ ಮೆಟ್ಟಿಲ ಮೇಲೆ ಕೂತು ಮರಳಲ್ಲಿ ಕಾಲು ಹುಗಿದಿದ್ದಾಳೆ. ಬ್ಯಾಟರಿ ಮೀಟರ್ 12.7 ವೋಲ್ಟ್, ಪೂರ್ತಿ ಚಾರ್ಜ್. ಅರ್ಧಕ್ಕಿಂತ ಕೆಳಗಿಳಿದರೆ ಬ್ಯಾಟರಿ ಹಾಳು, ಯೂಟ್ಯೂಬಿನವನ ಪ್ರಕಾರ — ಅಂದರೆ 12.2. ಫ್ಯಾನ್ ಕಡಿಮೆ ತಿರುಗಲಿ ಅಂತ ಹೀಟರ್ ಹದಿನೈದು ಡಿಗ್ರಿಗೆ ಇಟ್ಟೆ.
"ಇಪ್ಪತ್ತು ಮಾಡಿ ಮಾರಾಯ್ರೆ. ಫ್ರಿಜ್ಜಿನೊಳಗೆ ಕೂತ ಹಾಗೆ ಉಂಟು."
"ನಾಳೆ ರಾತ್ರಿಗೂ ಬೇಕಲ್ಲ."
"ಹೌದು ಹೌದು. ನಾಳೆಗೆ." ನಕ್ಕಳು.

ಜನವರಿ 17, ಬೆಳಿಗ್ಗೆ 6.10
ಎದ್ದವನೇ ಮೀಟರ್ ನೋಡಿದೆ. 12.4. ಇನ್ನೂ ಮುಕ್ಕಾಲು ಪಾಲು! ಹೇಳಲು ತಿರುಗಿದೆ. ಅವಳ ಕೋಟು, ಅದರ ಮೇಲೆ ನನ್ನ ಕೋಟು, ಕಾಲಿಗೆ ಸ್ನಾನದ ಟವೆಲ್... ಗೋಡೆಗೆ ಒರಗಿ ಕೂತೇ ಇದ್ದಳು. ತುಟಿ ಬೂದುಬಣ್ಣ.
"ನನ್ನನ್ನು ಎಬ್ಬಿಸಬಾರದಿತ್ತಾ?"
"ಅಷ್ಟು ಖುಷಿಯಲ್ಲಿ ಲೆಕ್ಕ ಹಾಕಿದ್ರಿ. ಹಾಳು ಮಾಡುವುದು ಯಾಕೆ ಅಂತ."
ಇಪ್ಪತ್ತೆರಡಕ್ಕೆ ತಿರುಗಿಸಿದೆ. ಹತ್ತೇ ನಿಮಿಷ, ಬೆಚ್ಚಗಾಯಿತು.

ಅದೇ ದಿನ, ಸಂಜೆ 4
ಜ್ವರ 39. ಆಸ್ಪತ್ರೆ. ನ್ಯುಮೋನಿಯಾ ಇರಬಹುದಂತೆ. ಚಳಿಯಿಂದ ಬಂತಾ ಅಂತ ಕೇಳಿದೆ. ಈ ಸ್ಥಿತಿಯಲ್ಲಿ ಯಾವುದರಿಂದಲೂ ಬರಬಹುದು ಅಂದರು ಡಾಕ್ಟರು. ಒಳ್ಳೆಯ ಮನುಷ್ಯ.

ಜನವರಿ 21
ಕ್ಯಾರವಾನಿನ ಕೀ ಕೊಡಲು ಹೋದೆ. ಆಶಾ ಇನ್ನೂ ವಾರ್ಡಿನಲ್ಲೇ. ಅಫ್ಸಲನಿಗೆ ಹೇಳಿದೆ — ನಿನ್ನ ಬ್ಯಾಟರಿಗೇನೂ ಆಗಿಲ್ಲ, ಜೋಪಾನ ಮಾಡಿದ್ದೇನೆ.
"ಅದಾ? ಅದು ಬಿಸಾಡ್ಲಿಕ್ಕೆ ಇದ್ದ ಬ್ಯಾಟರಿ ಸರ್. ಪೂರಾ ಖಾಲಿ ಮಾಡಿದ್ರೂ ನಾನು ಕೇಳ್ತಿರ್ಲಿಲ್ಲ."
ನಾನೂ ಅವನನ್ನು ಕೇಳಿರಲಿಲ್ಲ.

ಫೆಬ್ರವರಿ 9, ಮಧ್ಯಾಹ್ನ 3
ಅದೇ ವಾರ್ಡು. ಆ್ಯಂಟಿಬಯೋಟಿಕ್ ಮೂರು ಸಲ ಬದಲಾಯಿತು. ಈಗ ಬದಲಿಸುತ್ತಿಲ್ಲ.
ನರ್ಸ್ ಮುಹ್ಸಿನಾ ಬಂದಳು, ಉಳ್ಳಾಲದವಳು. "ಚಳಿ ಆಗ್ತದಾ ಅಕ್ಕಾ? ಇನ್ನೊಂದು ಬ್ಲ್ಯಾಂಕೆಟ್ ತರಲಾ?"
ಆಶಾ ಕಣ್ಣು ತೆರೆಯಲಿಲ್ಲ. "ಅವರನ್ನು ಕೇಳು. ನಾಳೆಗೆ ಉಳೀತದಾ ಅಂತ."
ಮುಹ್ಸಿನಾ ಜೋರಾಗಿ ನಕ್ಕಳು. ಇಂಥ ಸ್ಥಿತಿಯಲ್ಲೂ ತಮಾಷೆ, ಅಂದಳು. ಹೌದು, ತಮಾಷೆಯೇ. ಇಪ್ಪತ್ತಾರು ವರ್ಷ ಹೀಗೇ ಹೇಳಿದಳು, ನಾನು ಹೀಗೇ ಕೇಳಿಸಿಕೊಂಡೆ.
ಎರಡು ತನ್ನಿ ಅಂದೆ. ನಾನೇ ಹೊದೆಸಿದೆ. ಬೆಚ್ಚಗಾಯಿತಾ ಅಂತ ಕೇಳಿದೆ. ನಿದ್ದೆ ಇರಬೇಕು. ಎದ್ದ ಮೇಲೆ ಮತ್ತೆ ಕೇಳುತ್ತೇನೆ, ಇಲ್ಲದಿದ್ದರೆ ನಾಳೆ —