ನನ್ನ ನಂಬರಿಗೆ ‘ಸತ್ತ ಮನಿ’ ಎಂದು ಹೆಸರಿಟ್ಟವರ ಬಗ್ಗೆ

ಗ್ರಾಹಕರ ದೂರು ಆಲಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಹೆಸರು ಗಂಗಾ. ಇದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಫೋನು ಮಾಡಿದಾಗ ಈ ಭಾಗದ ಬಹಳಷ್ಟು ಜನರ ಮೊಬೈಲಿನಲ್ಲಿ ‘ಗಂಗಾ’ ಎಂದು ಬರುವುದಿಲ್ಲ. ‘ಸವದತ್ತಿ ಸತ್ತ ಮನಿ’ ಎಂದು ಬರುತ್ತದೆ. ಈ ಹೆಸರು ಇಟ್ಟಿದ್ದು ಬೈಲಹೊಂಗಲದ, ಮನೆ ಸ್ವಚ್ಛಗೊಳಿಸುವ ಒಂದು ಸಂಸ್ಥೆ. ಅದನ್ನು ತೆಗೆಸಿಕೊಡಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ತೆಗೆಸಲು ಬರುವುದಿಲ್ಲ ಎಂದು ನೀವು ಕಳಿಸಿದಿರಿ. ಎದುರಿಗೆ ಕುಳಿತಾಗ ನನಗೆ ಮಾತು ಹೊಳೆಯುವುದಿಲ್ಲ, ಮನೆಗೆ ಬಂದು ಬರೆಯಲು ಕುಳಿತರೆ ಹೊಳೆಯುತ್ತದೆ. ದಿನಕ್ಕೊಂದಿಷ್ಟು ಬರೆದಿಡುವ ರೂಢಿ ಮದುವೆಗೆ ಮುಂಚಿನಿಂದ ಇದೆ. ಯಾರಿಗೂ ತೋರಿಸಿದವಳಲ್ಲ. ಇದೊಂದನ್ನು ಮಾತ್ರ ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವ ಕೆಲಸ ಮಾಡುತ್ತೇನೆ. ಸವದತ್ತಿಯಲ್ಲಿ, ಉಗರಗೋಳದಲ್ಲಿ, ಕರೆದರೆ ಕಟಕೋಳದವರೆಗೂ ಹೋಗುತ್ತೇನೆ. ಹೆರಿಗೆಗೆ ಮುಂಚೆಯೇ ಮನೆಯವರು ಹೇಳಿಟ್ಟಿರುತ್ತಾರೆ. ಕೂಸು ಹುಟ್ಟಿದ ಸುದ್ದಿ ತಿಳಿದ ಮೇಲೆ ಎಂದಿನಿಂದ ಬರಲಿ ಎಂದು ನಾನು ಫೋನು ಮಾಡಿ ಕೇಳುತ್ತೇನೆ. ಹಸುಗೂಸು ಮಲಗಿರುವ ಮನೆಯಲ್ಲಿ ಫೋನು ಬಡಿದು, ಅದರ ಮೇಲೆ ‘ಸತ್ತ ಮನಿ’ ಎಂದು ಬಂದರೆ ಯಾರು ಎತ್ತುತ್ತಾರೆ? ನಿಮ್ಮ ಮಗಳ ಬಾಣಂತನವಿದ್ದರೆ ನೀವು ಎತ್ತುತ್ತೀರಾ?

ನಡೆದದ್ದು ಹೀಗೆ. ನನ್ನ ಗಂಡ ಸುಭಾಸ ಅವರು ಲಕ್ವಾ ಹೊಡೆದು ಬಹಳ ದಿನ ಒಳಗಿನ ಖೋಲಿಯಲ್ಲಿ ಮಲಗಿದಲ್ಲೇ ಇದ್ದರು. ಈ ವರ್ಷ ಬೇಸಿಗೆಯ ಮೊದಲಿಗೆ ತೀರಿಕೊಂಡರು. ದಿವಸ ಮುಗಿದು ಬಂದವರೆಲ್ಲ ಹೋದ ಮೇಲೆ ಆ ಖೋಲಿಗೆ ಕಾಲಿಡಲು ನನ್ನಿಂದ ಆಗಲಿಲ್ಲ. ಊರವರ ಕೂಸುಗಳನ್ನು ತೊಳೆಯುವ ಕೈಗೆ ಅದೊಂದು ಖೋಲಿ ತೊಳೆಯಲು ಬರಲಿಲ್ಲ. ರಾಮದುರ್ಗದಲ್ಲಿರುವ ನನ್ನ ತಮ್ಮ ಮಹಾಂತಪ್ಪ ಇದನ್ನು ನೋಡಿ, ಬೈಲಹೊಂಗಲದ ಆ ಸಂಸ್ಥೆಗೆ ಹೇಳಿ ನನ್ನ ನಂಬರು ಕೊಟ್ಟ.

ಅವರು ಫೋನು ಮಾಡಿದರು. ಮನೆ ಎಲ್ಲಿ, ಖೋಲಿ ಎಷ್ಟು, ಮನೆಯಲ್ಲಿ ಯಾರ್‍ಯಾರು ಇರುತ್ತೀರಿ, ಯಾವ ಹೊತ್ತಿಗೆ ಇರುತ್ತೀರಿ, ಎಲ್ಲ ಕೇಳಿದರು. ಹೆಸರೊಂದನ್ನು ಕೇಳಲಿಲ್ಲ. ಕೊನೆಗೆ, “ಮನಿ ಯಾಕ ತೊಳಸಾಕ ಹತ್ತೀರಿ ಅಕ್ಕಾರ? ಮದವಿ ಗಿದವಿ ಐತೇನು?” ಎಂದರು.

“ಇಲ್ಲಪಾ. ನಮ್ಮ ಮನಿಯವರು ತೀರಿಕೊಂಡ್ರು. ಅವರು ಮಲಗಿದ್ದ ಖೋಲಿ ಐತಿ.”

“ಹಂಗಾರ ಔಷಧ ಬ್ಯಾರೆ ಹಾಕಬೇಕಾಕ್ಕೈತ್ರಿ. ಅದಕ್ಕ ಕೇಳಿದ್ವಿ, ತಪ್ಪ ತಿಳ್ಕೋಬ್ಯಾಡ್ರಿ.”

ತಪ್ಪು ತಿಳಿಯಲಿಲ್ಲ. ಔಷಧಕ್ಕಾಗಿ ಕೇಳಿದರು, ಔಷಧಕ್ಕಾಗಿ ಹೇಳಿದೆ. ಬಂದ ಹುಡುಗರು ಕೆಲಸವನ್ನೂ ಚೊಕ್ಕ ಮಾಡಿದರು, ಅದರಲ್ಲಿ ದೂರಿಲ್ಲ. ಹಾಸಿಗೆಯ ತಲೆದಿಕ್ಕಿನ ಗೋಡೆಯ ಮೇಲೆ ನನ್ನ ಗಂಡನ ತಲೆಯ ಎಣ್ಣೆಯ ಕಲೆ ಇತ್ತು. ಅದನ್ನೊಂದು ಬಿಡ್ರಿ ಎಂದೆ. ಯಾಕೆ ಎಂದು ಕೇಳದೆ ಬಿಟ್ಟರು. ಗೋಡೆಯ ಕಲೆಯನ್ನು ಬಿಡಿ ಎಂದು ಬಾಯಿಬಿಟ್ಟು ಹೇಳಬೇಕಾಯಿತು, ಸರಿ. ನನ್ನ ಗಂಡನ ಸಾವನ್ನು ನಿಮ್ಮ ಫೋನುಗಳಲ್ಲಿ ಬರೆದುಕೊಳ್ಳಬೇಡಿ ಎಂದೂ ಹೇಳಬೇಕಿತ್ತೇ? ಮನೆ ತೊಳೆಸುವವರು ಇನ್ನು ಮುಂದೆ ಏನೇನು ಬೇಡವೆಂದು ಹೇಳಬೇಕು ಎಂಬುದನ್ನು ನೀವಾದರೂ ಒಮ್ಮೆ ಪ್ರಕಟಿಸಿದರೆ ಉಪಕಾರವಾದೀತು.

ಆಮೇಲೆ ನಾನು ಮಾಡಿದ ಫೋನುಗಳನ್ನು ಜನ ಎತ್ತುವುದು ಕಡಿಮೆಯಾಯಿತು. ಗಂಡ ಸತ್ತವಳು ಬಾಣಂತಿಯ ಹತ್ತಿರ ಬರುವುದು ಬೇಡವೆನ್ನುವ ಮನೆಗಳಿವೆ, ಇದೂ ಅದೇ ಇರಬೇಕು ಎಂದುಕೊಂಡೆ. ಉಗರಗೋಳದ ಕೆಂಚವ್ವ ಮಾತ್ರ ಹಾಗೆ ಮಾಡುವವಳಲ್ಲ. ಅವಳ ಮಗಳು ರೇಣುವಿನ ಬಾಣಂತನಕ್ಕೆ ನಾನೇ ಬರಬೇಕೆಂದು ಮೊದಲೇ ಮಾತಾಗಿತ್ತು. ಗಂಡು ಕೂಸು ಹುಟ್ಟಿತೆಂದು ತಿಳಿದು ಫೋನು ಮಾಡಿದೆ, ಎತ್ತಲಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಕೆಂಚವ್ವ ನನ್ನನ್ನು ಒಳಗೆ ಕರೆಯದೆ ತಾನೇ ಹೊರಗೆ ಬಂದಳು.

“ಸಿಟ್ಟಿಗೇಳಬ್ಯಾಡ ತಂಗಿ. ನಿನ್ನ ಗಂಡನ ಮಣ್ಣಿಗಿ ನಾನೂ ಬಂದಿದ್ನಿ, ನನಗೇನು ಗೊತ್ತಿಲ್ಲೇನು? ಆದ್ರ ನನ್ನ ಫೋನಿನ್ಯಾಗ ನಿನ್ನ ಹೆಸರು ಬರದಿಟ್ಟಿರಲಿಲ್ಲ, ನೀ ಫೋನ್ ಮಾಡಿದಾಗ ಅದು ನಮ್ಮ ಬೀಗತಿ ಕೈಯಾಗಿತ್ತು. ‘ಸವದತ್ತಿ ಸತ್ತ ಮನಿ’ ಅಂತ ಓದಿ ಚಿಟ್ಟನ ಚೀರಿದ್ಲು.”

“ನನ್ನ ಹೆಸರು ಹೇಳಬೇಕಿಲ್ಲೇನಕ್ಕಾ?”

“ಹೇಳಿದ್ನಿ. ಹೆಸರ ಹಂಗಿದ್ದ ಮ್ಯಾಲ ಆಕಿ ಕೈಗುಣ ಹೆಂಗಿರತೈತಿ ಅಂದ್ಲು. ನಾ ಏನ ಮಾಡ್ಲಿ, ಮಗಳು ಅವರ ಮನಿಯಾಕಿ.”

ಒಳಗೆ ಕೂಸು ಅಳುತ್ತಿತ್ತು. ಯಾರೋ ಎರೆಯುತ್ತಿದ್ದರು. ನೀರು ಹೆಚ್ಚು ಬಿಸಿಯಾಗಿದೆ ಎಂದು ಅಳುವಿನಿಂದಲೇ ತಿಳಿಯಿತು. ಹೇಳುವ ಅಧಿಕಾರ ನನಗಿರಲಿಲ್ಲ, ಬಂದುಬಿಟ್ಟೆ.

ಯಾರ ಕರೆ ಎಂದು ಹೆಸರು ತೋರಿಸುವ ಒಂದು ಆ್ಯಪ್ ಇರುತ್ತದೆಂದು ತಮ್ಮನಿಂದ ತಿಳಿಯಿತು. ಜನ ತಮ್ಮ ಫೋನುಗಳಲ್ಲಿ ನನ್ನ ನಂಬರಿಗೆ ಏನು ಬರೆದುಕೊಂಡಿರುತ್ತಾರೋ ಅದನ್ನು ಈ ಆ್ಯಪ್ ಎತ್ತಿಕೊಂಡು ಉಳಿದವರಿಗೆಲ್ಲ ತೋರಿಸುತ್ತದಂತೆ. ಹೆಚ್ಚು ಜನ ಬರೆದುಕೊಂಡದ್ದೇ ನಿಲ್ಲುತ್ತದಂತೆ. ನನ್ನನ್ನು ಬಲ್ಲವರು ಒಬ್ಬರು ಗಂಗಕ್ಕ ಎಂದು, ಇನ್ನೊಬ್ಬರು ಎರೆಯೋ ಗಂಗವ್ವ ಎಂದು, ಮತ್ತೊಬ್ಬರು ಸುಭಾಸನ ಹೆಂಡತಿ ಎಂದು ಬರೆದುಕೊಂಡಿದ್ದಾರೆ. ‘ಸತ್ತ ಮನಿ’ ಎಂದು ಒಂದೇ ಮಾತನ್ನು ಎಲ್ಲರೂ ಸೇರಿ ಬರೆದುಕೊಂಡವರು ಯಾರು? ನನ್ನ ಹೆಸರು ಗೊತ್ತಿಲ್ಲದೆ ನನ್ನ ಮನೆಯ ಸಾವು ಗೊತ್ತಿದ್ದವರು ಒಬ್ಬರೇ, ಖೋಲಿ ತೊಳೆದ ಆ ಸಂಸ್ಥೆಯವರು.

ನಾನೂ ತಮ್ಮನೂ ಬೈಲಹೊಂಗಲಕ್ಕೆ ಹೋದೆವು. ಅಂಗಡಿಯ ಗೋಡೆಗೆ ‘ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತ’ ಎಂದು ಬಣ್ಣದ ಫಲಕ ಇತ್ತು. ಮಾಲೀಕರು ಮರ್ಯಾದಸ್ಥರು, ಚಹಾ ತರಿಸಿದರು. ಯಾವುದನ್ನೂ ಮುಚ್ಚಿಡಲೂ ಇಲ್ಲ. ಹೆಮ್ಮೆಯಿಂದಲೇ ಫೋನು ತೆರೆದು ತೋರಿಸಿದರು. ‘ಕಿತ್ತೂರ ನೀರಿನ ಟಾಕಿ’, ‘ರಾಮದುರ್ಗ ಸೋಫಾ’, ‘ಬಸ್‌ಸ್ಟ್ಯಾಂಡ ಇಲಿ ವಾಸನಿ’, ‘ಕಟಕೋಳ ಕಿರಿಕಿರಿ ಮುದುಕಿ’. ಅವುಗಳ ನಡುವೆ ನಾನು.

“ಹೆಸರು ಬರದಿಟ್ರ ಹುಡುಗರಿಗೆ ಯಾರ ಮನಿ ಅಂತ ನೆನಪಾಗೂದಿಲ್ರಿ ಬಾಯಾರ. ಕೆಲಸ ಬರದಿಟ್ರ ತಟ್ನ ನೆನಪಾಕ್ಕೈತಿ. ಎಲ್ಲಾ ಹುಡುಗರಿಗೂ ಇದ ಕಳಸ್ತೀನಿ, ಗದ್ದಲ ಇಲ್ಲ.”

“ಆ ಮುದುಕಿಗಿ ಇದು ಗೊತ್ತೈತೇನ್ರಿ?” ಎಂದು ನನ್ನ ತಮ್ಮ ಕೇಳಿದ.

“ಗೊತ್ತಾದ್ರ ಇನ್ನೂ ಕಿರಿಕಿರಿ ಮಾಡ್ತಾಳ್ರಿ,” ಎಂದು ನಕ್ಕರು. ನನಗೂ ನಗು ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮೆದುರಿಗೇ ನನ್ನ ನಂಬರು ಅಳಿಸಿದರು. ಹುಡುಗರ ಫೋನುಗಳಲ್ಲಿ ಇರುವುದು? ಹೇಳುತ್ತೇನೆ ಎಂದರು. ಕೆಲಸ ಬಿಟ್ಟು ಹೋದ ಹುಡುಗರ ಫೋನುಗಳಲ್ಲಿ ಇರುವುದು? “ಅವರನ್ನೆಲ್ಲಿ ಹುಡುಕ್ಲಿ?” ಎಂದರು. ನನ್ನ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ, ಯಾವ ಹೊತ್ತಿಗೆ ಇರುತ್ತೇನೆ ಎಂಬುದು ಕೂಡ ಆ ಹುಡುಕಲು ಸಿಗದವರ ಹತ್ತಿರ ಇದೆ. ಇದನ್ನು ಬರೆಯುವಾಗ ಎದ್ದು ಹೋಗಿ ಬಾಗಿಲ ಚಿಲಕ ನೋಡಿಕೊಂಡು ಬಂದೆ.

ಆಮೇಲೆ ನಿಮ್ಮಲ್ಲಿಗೆ ಬಂದೆ. ನೀವು ಹೇಳಿದ ಮಾತನ್ನು ನೀವು ಮರೆತಿರಬಹುದು. “ಸುಳ್ಳ ಹೆಸರು ಇಟ್ಟಿದ್ರ ಬ್ಯಾರೆ ಮಾತಿತ್ತು ಬಾಯಾರ. ಇದರಾಗ ಸುಳ್ಳೇನೈತಿ? ನಿಮ್ಮ ಮನ್ಯಾಗ ಸತ್ತಾರಿಲ್ಲ?”

ಸತ್ತಿದ್ದಾರೆ, ಮಾನ್ಯರೇ. ನಿಮ್ಮ ಕಾನೂನಿನ ತಿಳಿವಳಿಕೆಗೆ ನಾನು ಸಾಕ್ಷಿ ನುಡಿಯುತ್ತೇನೆ. ಆದರೆ ನಿಜವಾಗಿದ್ದರೆ ಸಾಕೇ? ನಿಮ್ಮ ಮನೆಯಲ್ಲಿ ಯಾರಿಗೆ ಯಾವ ರೋಗವಿದೆ, ಯಾವ ಮಗ ಮಾತು ಬಿಟ್ಟಿದ್ದಾನೆ ಎಂಬುದೂ ನಿಜವೇ ಇರುತ್ತದೆ. ಅದನ್ನು ನಿಮ್ಮ ಕಚೇರಿಯ ಬಾಗಿಲ ಮೇಲೆ ನಿಮ್ಮ ಹೆಸರಿನ ಜಾಗದಲ್ಲಿ ಬರೆದರೆ ಸುಮ್ಮನಿರುತ್ತೀರಾ? ನಾನು ನನ್ನ ಗಂಡನ ಸಾವನ್ನು ಮುಚ್ಚಿಟ್ಟವಳಲ್ಲ. ಹೊಸ ಮನೆಗೆ ಹೋದರೆ ಮೊದಲು ಕೂತು, ಹಿರಿಯರೊಡನೆ ನಾಲ್ಕು ಮಾತಾಡಿ, ಆಮೇಲೆ ನಾನೇ ಹೇಳುತ್ತೇನೆ. ಬೇಡವೆಂದವರಿಗೆ ನಮಸ್ಕಾರ ಮಾಡಿ ಬರುತ್ತೇನೆ. ಹೇಳುವ ಮಾತು ನನ್ನದು, ಹೇಳುವ ಹೊತ್ತೂ ನನ್ನದು. ಅದನ್ನು ಕಸಿದುಕೊಂಡರು ಎಂಬುದೇ ನನ್ನ ದೂರು. ನಮ್ಮ ಕಡೆ ಕೂಸಿಗೆ ಹೆಸರಿಡಬೇಕಾದರೂ ಸೋದರತ್ತೆ ಬಂದು ಕಿವಿಯಲ್ಲಿ ಹೇಳಬೇಕು. ನನಗೆ ಹೆಸರಿಡಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನೀವು ಒಂದು ಉಪಾಯವನ್ನೂ ಹೇಳಿದಿರಿ. “ನೀವ ಆ ಆ್ಯಪ್ ಹಾಕ್ಕೊಂಡು ನಿಮ್ಮ ಹೆಸರು ನೀವ ತಿದ್ದಕೊಳ್ರಿ.” ಅದನ್ನೂ ಮಾಡಲು ಕುಳಿತೆ. ತಮ್ಮ ನನ್ನ ಫೋನಿಗೆ ಆ್ಯಪ್ ಹಾಕಿದ. ಅದು ಏನೋ ಅನುಮತಿ ಕೇಳಿತು.

“ಇದು ಏನ ಕೇಳ್ತೈತಿ?”

“ನಿನ್ನ ಫೋನಿನ್ಯಾಗಿನ ಹೆಸರು, ನಂಬರು ಎಲ್ಲಾ ಕೇಳ್ತೈತಿ. ಸುಮ್ಮ ಒತ್ತಕ್ಕಾ, ಎಲ್ಲಾರೂ ಒತ್ತತಾರ.”

ನಾನು ಒತ್ತಲಿಲ್ಲ. ನನ್ನ ಫೋನಿನಲ್ಲಿರುವುದು ಬಾಣಂತಿಯರ ಮನೆಗಳು. ನಾನೂ ನೆನಪಿಗೆಂದು ಏನೇನೋ ಬರೆದಿಟ್ಟುಕೊಂಡಿದ್ದೇನೆ. ಒಂದು ಮನೆಯ ಹುಡುಗಿಯ ಕೂಸು ಉಳಿಯಲಿಲ್ಲ. ಮರೆತು ಎಂದಾದರೂ ‘ಕೂಸು ಹೆಂಗೈತಿ’ ಎಂದು ಕೇಳಿಬಿಟ್ಟೇನೆಂಬ ಹೆದರಿಕೆಯಿಂದ ಅವಳ ನಂಬರಿನ ಮುಂದೆ ‘ಕೂಸು ಹೋತು’ ಎಂದು ಬರೆದಿದ್ದೇನೆ. ಅವಳ ಊರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅನುಮತಿ ಕೊಟ್ಟಿದ್ದರೆ, ಅವಳು ಮುಂದೆ ಯಾರಿಗಾದರೂ ಫೋನು ಮಾಡಿದಾಗ ಅವರ ಕಣ್ಣಿಗೆ ಏನು ಬೀಳುತ್ತಿತ್ತು? ಬೇರೆ ದಾರಿ ಇದ್ದರೂ ಇರಬಹುದು. ನನ್ನ ತಮ್ಮನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ನೀವು ಹೇಳಲಿಲ್ಲ. ಆ್ಯಪ್ ತೆಗೆಸಿಹಾಕಿದೆ. ಅಂದಿನಿಂದ ನಾನು ‘ಸತ್ತ ಮನಿ’ಯಾಗಿಯೇ ಉಳಿದಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಸಂಸ್ಥೆಯು ನನ್ನ ನಂಬರು, ಮನೆ ಮತ್ತು ಹೊತ್ತಿನ ವಿವರವನ್ನು ಯಾರ್‍ಯಾರಿಗೆ ಕಳಿಸಿದೆಯೋ ಅವರ ಹೆಸರುಗಳನ್ನು ನನಗೆ ಬರೆದು ಕೊಡಬೇಕು. ಕೆಲಸ ಬಿಟ್ಟವರನ್ನೂ ಹುಡುಕಿ ಅವರ ಫೋನುಗಳಿಂದ ಅದನ್ನು ಅಳಿಸಬೇಕು, ಹಂಚಿದವರೇ ಹುಡುಕಬೇಕು. ಕಟಕೋಳದ ಆ ಮುದುಕಿಯಿಂದ ಹಿಡಿದು ಎಲ್ಲ ಗಿರಾಕಿಗಳಿಗೂ ಅವರಿಗೆ ಏನು ಹೆಸರಿಟ್ಟಿದ್ದೇವೆಂದು ಸಂಸ್ಥೆಯೇ ತಿಳಿಸಿ ಕ್ಷಮೆ ಕೇಳಬೇಕು. ಆ್ಯಪ್‌ನವರಿಗೆ ನಿಮ್ಮ ಕಚೇರಿಯ ಮೊಹರಿನೊಂದಿಗೆ ಪತ್ರ ಹೋಗಬೇಕು. ನನ್ನ ಹೆಸರು ನನಗೆ ಮರಳಬೇಕಾದರೆ ಇನ್ನೊಬ್ಬ ಹೆಣ್ಣುಮಗಳ ದುಃಖವನ್ನು ಬದಲಿಗೆ ಕೊಡಬೇಕು ಎಂಬ ಶರತ್ತು ಯಾವ ಕಾನೂನಿನಲ್ಲಿಯೂ ಇರಲಾರದು. ಇದ್ದರೆ ಆ ಪುಟವನ್ನು ತೋರಿಸಿ.

ಈ ಪತ್ರ ಅಚ್ಚಾದ ಮರುದಿನ ನಿಮ್ಮ ಕಚೇರಿಗೆ ಫೋನು ಮಾಡುತ್ತೇನೆ. ಪರದೆಯ ಮೇಲೆ ಏನು ಬರುತ್ತದೆಂದು ನಿಮಗೆ ಗೊತ್ತಿದೆ. ಆದರೂ ಎತ್ತಿರಿ. ಈ ಕಡೆ ಬದುಕಿರುವವಳು ಒಬ್ಬಳು ಇದ್ದೇನೆ.

ಇಂತಿ,
ತನ್ನ ಹೆಸರನ್ನು ತಾನೇ ಹೇಳಿಕೊಂಡು ತಿರುಗುತ್ತಿರುವ
ಗಂಗಾ, ದಿವಂಗತ ಸುಭಾಸ ಅವರ ಹೆಂಡತಿ
ಸವದತ್ತಿ

(ಮನೆಯ ವಿಳಾಸ, ಫೋನು ನಂಬರು ಬರೆದಿಲ್ಲ. ಬೇಕಾದವರಿಗೂ ಬೇಡದವರಿಗೂ ಅವು ಆಗಲೇ ತಲುಪಿವೆ.)