ಸೂಗಪ್ಪನ ಧೋತರ

ತುಂಗಾ,

ಬಂಡಿ ಬಂದಿದೆ, ಕಮಲಾಪುರಕ್ಕೆ ಹೊರಟೆ. ನನ್ನ ಹಾಸಿಗೆ ಬಿಸಿಲಿಗೆ ಹಾಕು. ಅಗಸಗಿತ್ತಿಗೆ ಕೊಡಬೇಡ, ಊರೆಲ್ಲ ಹೇಳುತ್ತಾಳೆ.

ನಾನು ಮೂತ್ರದ ದಾರಿಯ ಗಡ್ಡೆ ತೆಗೆಸಿಕೊಂಡು ದವಾಖಾನೆಯಿಂದ ಬರುವಾಗ, ಪಕ್ಕದ ಮಂಚದ ಸೂಗಪ್ಪನ ಧೋತರವನ್ನೂ ನೀನು ನಮ್ಮ ಗಂಟಿನಲ್ಲಿ ಕಟ್ಟಿಬಿಟ್ಟೆ. ಅವನಿಗೂ ನನ್ನದೇ ಬೇನೆ. ಪಾಪ, ಅಲ್ಲೇ ತೀರಿಕೊಂಡ.

ಅಂದಿನಿಂದ ನನಗೆ ಮೂತ್ರ ಹನಿಯುವುದು ನಿಂತಿಲ್ಲ, ನಿಜ. ಆದರೆ ಅವನ ಧೋತರವನ್ನು ನಾನು ಒಮ್ಮೆಯೂ ಉಟ್ಟಿಲ್ಲ. ಆದರೂ ದಿನಾ ಬೆಳಿಗ್ಗೆ ಗೂಟದಲ್ಲೇ ತೊಯ್ದಿರುತ್ತದೆ. “ಸುಳ್ಳ್ಯಾಕ ಹೇಳ್ತೀರಿ, ನೀವೇ ಉಟ್ಟಿರ್ತೀರಿ” ಎಂದು ನೀನು ನಿನ್ನೆಯೂ ಬೈದೆ. ಇನ್ನು ಜಗಳ ಬೇಡ. ಸತ್ತವನ ಬಟ್ಟೆ, ಕಮಲಾಪುರದಲ್ಲಿರುವ ಅವನ ಹೆಂಡತಿಗೇ ಒಪ್ಪಿಸಿ ಬರುತ್ತೇನೆ.

ಅದನ್ನು ಚೆನ್ನಾಗಿ ಒಣಗಿಸಿಯೇ ನಾನು ಗಂಟು ಕಟ್ಟಿದ್ದೆ. ಇದನ್ನು ಬರೆಯುವಷ್ಟರಲ್ಲಿ ಗಂಟಿನ ತಳದಿಂದ ಹನಿಯುತ್ತಿದೆ.

ನನ್ನ ಧೋತರ ಮುಟ್ಟಿ ನೋಡಿಕೊಂಡೆ. ತೊಯ್ದಿಲ್ಲ. ಗಡ್ಡೆ ತೆಗೆಸಿದ ಮೇಲೆ ಇದೇ ಮೊದಲು.