ಕರದಂಟಿನ ಕಾಗದದ ಬಸವಣ್ಣ

ಗೋಕಾಕ, ೧೫ ಮಾರ್ಚ್ ೧೯೩೪, ಗುರುವಾರ.

ಇವತ್ತು ರಾತ್ರಿಯ ರೊಟ್ಟಿಯನ್ನು ಹಾಗೆಯೇ ಮುಚ್ಚಿಟ್ಟೆ.

ನಮ್ಮ ಅಂಗಡಿಯ ಕರದಂಟು ಸುತ್ತುವ ಕಾಗದದ ಮೇಲೆ ಗುರುತಿಗೆ ಒಂದು ಛಾಪು ಬೇಕೆಂದು ಮುರಿಗೆಪ್ಪ ಕಾಕಾ ಹೇಳಿದಾಗ, ಗುಡಿಯ ಮುಂದಿನ ಕಲ್ಲಿನ ನಂದಿ ಬಸವಣ್ಣನನ್ನೇ ನೋಡಿ ಬರೆದುಕೊಟ್ಟವನು ನಾನು. ಓದಲು ಬಾರದವರೂ ಒಮ್ಮೆ ನೋಡಿದರೆ ಮರೆಯಬಾರದು ಎಂಬುದು ನನ್ನ ಜಾಣತನ. ಯಾರೂ ಮರೆಯಲಿಲ್ಲ. ಮೂರೇ ಸಂತೆಗಳಲ್ಲಿ ಜನ "ಬಸವಣ್ಣನ ಕರದಂಟು ಕೊಡ್ರಿ" ಎಂದು ಕೇಳತೊಡಗಿದರು. ನಾನು ಅಂಗಡಿಯ ಕಟ್ಟೆಯ ಮೇಲೆ ಎದೆಯುಬ್ಬಿಸಿ ಕೂರುತ್ತಿದ್ದೆ, ಮೂರ್ಖ.

ಸಂಜೆ ಸಂತೆ ಮುಗಿದ ಮೇಲೆ, ಕೌಜಲಗಿಯಿಂದ ಬೆಣ್ಣೆ ಮಾರಲು ಬರುವ ಮುದುಕಿ ಯಮನವ್ವ ಅಂಗಡಿಗೆ ಬಂದಳು. ಸೆರಗು ಬಿಚ್ಚಿ, ಜನ ತಿಂದು ಸಂತೆಯಲ್ಲಿ ಎಸೆದಿದ್ದ ನಮ್ಮ ಕರದಂಟಿನ ಕಾಗದಗಳನ್ನು ಒಂದೊಂದಾಗಿ ಕಟ್ಟೆಯ ಮೇಲಿಟ್ಟಳು. ಒಬ್ಬ ಬಸವಣ್ಣನ ಮೇಲೆ ಚಪ್ಪಲಿಯ ಗುರುತು. ಇನ್ನೊಬ್ಬನ ಮುಖದ ಮೇಲೆ ಎಲೆಯಡಿಕೆಯ ಉಗುಳು.

"ಇದನ್ನ ಬರದಾವ ಯಾರ್ರಿ?" ಎಂದು ಕಾಕಾನನ್ನು ಕೇಳಿದಳು.

ಕಾಕಾ ನನ್ನ ಕಡೆ ನೋಡಿದರು. ನಾನು ತಕ್ಕಡಿಯ ಕಡೆ ನೋಡಿದೆ.

"ಭಾಳ ಚೊಲೊ ಬರದಾನ. ಅದಕ್ಕ ತುಳದು ಬರಾಕ ನನ್ನ ಕಾಲು ಏಳಲಿಲ್ಲ ನೋಡ್ರಿ. ಆರಿಸ್ಕೊಂಡು ಬಂದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೆದವನು ನಾನೇ ಎನ್ನದೆ, ಅವಳ ಮುಂದಿನ ಕಾಗದಗಳನ್ನು ಎತ್ತಿಕೊಂಡೆ.

ಆ ಕಾಗದಗಳನ್ನು ಒರೆಸಿ ದೇವರ ಜಗಲಿಯ ಮೇಲಿಟ್ಟಿದ್ದೇನೆ. ಆದರೆ ಬೆಳಗಾವಿಯಿಂದ ಅಚ್ಚಾಗಿ ಬಂದ ಹೊಸ ಕಾಗದದ ಕಟ್ಟುಗಳು ನನ್ನ ಕೋಣೆಯ ನಾಲ್ಕೂ ಗೋಡೆಗಳಿಗೆ ಒರಗಿ ನಿಂತಿವೆ. ಹಾಸಿಗೆಯನ್ನು ಮೂರು ಸಲ ತಿರುಗಿಸಿ ಹಾಸಿದೆ. ಯಾವ ಕಡೆ ಕಾಲು ಚಾಚಿದರೂ ಅಲ್ಲಿ ಬಸವಣ್ಣನೇ. ಕಾಲು ಮಡಚಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.